ಮಸ್ಟಾಂಗ್‌ಗೆ ಅಗಲದ ಟೈರ್: 235ರಿಂದ 275ಕ್ಕೆ

ನನ್ನ ಕಾರು 2015ರ ಫೋರ್ಡ್ ಮಸ್ಟಾಂಗ್ ಜಿಟಿ. 5.0 ಲೀಟರಿನ ವಿ8 ಎಂಜಿನ್, 435 ಅಶ್ವಶಕ್ತಿ. ಅಷ್ಟೂ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ನಾನಿರುವ ಮಿಷಿಗನ್‌ನಲ್ಲೇ, ಫ್ಲಾಟ್ ರಾಕ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಎಂಜಿನ್ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಆದರೆ ಸಾಮಾನ್ಯ ಜಿಟಿಗೆ ಕಂಪನಿ ಕೊಟ್ಟಿದ್ದು 8 ಇಂಚು ಅಗಲದ ರಿಮ್, ಅದರ ಮೇಲೆ 235/50 ಆರ್18 ಆಲ್-ಸೀಸನ್ ಟೈರ್. 235 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ, 50 ಅಂದರೆ ಆ ಅಗಲದ ಶೇಕಡಾ ಎಷ್ಟು ಟೈರಿನ ಬದಿಯ ಎತ್ತರ ಅಂತ, 18 ಅಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಎರಡನೇ ಗೇರಿನಲ್ಲಿ ಸ್ವಲ್ಪ ಜೋರಾಗಿ ಒತ್ತಿದರೆ ಸಾಕು, ಹಿಂದಿನ ಚಕ್ರ ನೆಲದ ಹಿಡಿತ ಬಿಟ್ಟು ಜಾರುತ್ತಿತ್ತು. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್‌ನ ದೀಪ ಮಿಣಮಿಣ ಅನ್ನುತ್ತಿತ್ತು.

ಒಮ್ಮೆ ಸೌತ್ ಹೇವನ್ ಹತ್ತಿರದ ಜಿಂಜರ್‌ಮ್ಯಾನ್ ಟ್ರ್ಯಾಕಿಗೆ ತಗೊಂಡು ಹೋದೆ. ಒಟ್ಟು 11 ತಿರುವು. ನಾಲ್ಕನೇ ಸುತ್ತಿಗೇ ಟೈರ್ ಕಾದು ಕಿರುಚತೊಡಗಿತು. ಸಂಜೆ ಹೊತ್ತಿಗೆ ಮುಂದಿನ ಟೈರುಗಳ ಹೊರ ಅಂಚು ಸವೆದು ನುಣ್ಣಗಾಗಿತ್ತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಟೈರ್ ಅಗಲ ಮಾಡಲೇಬೇಕು ಅಂತ.

ಭಾನುವಾರ ಮಂಡ್ಯ ಕಡೆಯ ನಮ್ಮೂರಿಗೆ ಫೋನ್ ಮಾಡಿದಾಗ ಅಪ್ಪಾಜಿಗೆ ವಿಷಯ ಹೇಳಿದೆ. "ಕೆಸರುಗದ್ದೆಗೆ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕ್ತೀವಲ್ಲ, ಹಂಗೇ ಏನ್ಲಾ?" ಅಂದರು. ಕೇಜ್ ವೀಲ್ ಅಂದರೆ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಕೊಳ್ಳದಂತೆ ಹಾಕುವ ಅಗಲದ ಕಬ್ಬಿಣದ ಚಕ್ರ. ಹತ್ತಿರ ಹತ್ತಿರ ಹಾಗೇ, ಆದರೆ ಪೂರ್ತಿ ಹಾಗಲ್ಲ. ಟೈರ್ ನೆಲಕ್ಕೆ ಎಷ್ಟು ಜಾಗದಲ್ಲಿ ಅಂಟಿಕೊಳ್ಳುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನ ಮಾಡುವುದು ಗಾಡಿಯ ತೂಕ ಮತ್ತು ಒಳಗಿನ ಗಾಳಿ. ಅಗಲ ಮಾಡಿದರೆ ಆ ಜಾಗ ತುಂಬಾ ಹೆಚ್ಚಾಗುವುದಿಲ್ಲ, ಅದರ ಆಕಾರ ಬದಲಾಗುತ್ತದೆ. ಮೊದಲು ಉದ್ದುದ್ದ ಇದ್ದದ್ದು ಈಗ ಅಡ್ಡಡ್ಡ ಆಗುತ್ತದೆ. ತಿರುವಿನಲ್ಲಿ ಟೈರ್ ಕಡಿಮೆ ತಿರುಚಿಕೊಳ್ಳುತ್ತದೆ. ಬಿಸಿಯೂ ಜಾಸ್ತಿ ರಬ್ಬರಿಗೆ ಹಂಚಿ ಹೋಗುತ್ತದೆ. ಹಿಡಿತದ ಲಾಭ ಬರುವುದು ಹೀಗೆ.

ನಾನು ಮೊದಲು ಹೋದ ಟೈರ್ ಅಂಗಡಿಯವರು, "ಇದೇ ರಿಮ್ಮಿಗೆ 275 ಏರಿಸಿ ಕೊಡ್ತೀವಿ, ಏನೂ ಆಗಲ್ಲ" ಅಂದರು. ನಾನು ಒಪ್ಪಲಿಲ್ಲ. ಒಪ್ಪದಿದ್ದದ್ದೇ ಒಳ್ಳೆಯದಾಯಿತು. 275/40 ಟೈರಿಗೆ 9ರಿಂದ 11 ಇಂಚು ಅಗಲದ ರಿಮ್ ಬೇಕು ಅಂತ ಟೈರ್ ಕಂಪನಿಗಳೇ ಅಳತೆ ಕೊಟ್ಟಿವೆ. 8 ಇಂಚಿನ ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಅದರ ಬದಿಗಳು ಬಲೂನಿನ ಹಾಗೆ ಉಬ್ಬುತ್ತವೆ. ತಿರುವಿನಲ್ಲಿ ಟೈರ್ ಒಂದು ಕಡೆ, ರಿಮ್ ಇನ್ನೊಂದು ಕಡೆ ವಾಲುತ್ತದೆ. ಇದ್ದ ಹಿಡಿತವೂ ಹೋಗುತ್ತದೆ. ಹಾಗಾಗಿ ಮೊದಲು ಯೋಚಿಸಬೇಕಾದ್ದು ಟೈರ್ ಅಲ್ಲ, ರಿಮ್.

ನಾನು ತಗೊಂಡಿದ್ದು ನಾಲ್ಕೂ ಕಡೆಗೆ ಒಂದೇ ಅಳತೆಯ 19 ಇಂಚಿನ, 10 ಇಂಚು ಅಗಲದ ರಿಮ್, ಆಫ್‌ಸೆಟ್ 40 ಮಿಲಿಮೀಟರ್. ಹಿಂದಿನ ಚಕ್ರ ತಾನೇ ಜಾರುವುದು, ಹಿಂದೆ ಮಾತ್ರ ಅಗಲ ಮಾಡಿದರೆ ಸಾಲದಾ ಅಂತ ಸ್ನೇಹಿತರು ಕೇಳಿದರು. ನೇರ ದಾರಿಗಾದರೆ ಸಾಕು. ತಿರುವಿನಲ್ಲಿ ಮಾತ್ರ ಮುಂದಿನ ಟೈರ್ ಮೊದಲು ಸೋಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಮೂತಿ ಹೊರಗೆ ಹೊರಟುಬಿಡುತ್ತದೆ. ಈ ಗಾಡಿಗೆ ಮೊದಲೇ ಆ ಚಾಳಿ ಇತ್ತು, ನನ್ನ ಮುಂದಿನ ಟೈರ್ ಸವೆದಿದ್ದೂ ಅದಕ್ಕೇ. ಫೋರ್ಡ್ ಕೂಡ 2018ರಲ್ಲಿ ಪರ್ಫಾರ್ಮೆನ್ಸ್ ಪ್ಯಾಕ್ 2 ತಂದಾಗ ಇದೇ ಜಿಟಿಗೆ ಹಿಂದೆ ಮುಂದೆ ಎರಡೂ ಕಡೆ 305ರ ಟೈರನ್ನೇ ಹಾಕಿತು.

ಇನ್ನು ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಗಾಡಿಗೆ ಬೋಲ್ಟ್ ಆಗುವ ಮುಖದವರೆಗಿನ ದೂರವೇ ಆಫ್‌ಸೆಟ್. 8 ಇಂಚಿನ ಜಾಗಕ್ಕೆ 10 ಇಂಚು ಬಂದರೆ, ಆಫ್‌ಸೆಟ್ ಒಂದೇ ಇದ್ದಲ್ಲಿ, ರಿಮ್ ಒಳಗಡೆಗೆ 25.4 ಮಿ.ಮೀ., ಹೊರಗಡೆಗೂ ಅಷ್ಟೇ ಬೆಳೆಯುತ್ತದೆ. ಆಫ್‌ಸೆಟ್ ಸಂಖ್ಯೆ 5 ಕಡಿಮೆಯಾದರೆ ಪೂರ್ತಿ ಚಕ್ರ 5 ಮಿ.ಮೀ. ಹೊರಗೆ ಸರಿಯುತ್ತದೆ. ಮುಂದಗಡೆ ಒಳಗೆ ಸ್ಟ್ರಟ್, ಅಂದರೆ ಸಸ್ಪೆನ್ಷನ್ನಿನ ಕಂಬ ಇದೆ, ಹೊರಗೆ ಫೆಂಡರ್, ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡ್ ಇದೆ. ಇವೆರಡರ ನಡುವೆ ಚಕ್ರ ಎಲ್ಲೂ ತಾಗದೆ ಕೂರಬೇಕು.

ಇಲ್ಲಿ ನಾನು ಎಡವಿದೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ನೇತಾಡುತ್ತಿದ್ದಾಗಲೇ ಅಳತೆ ತೆಗೆದೆ. ಎಲ್ಲ ಸರಿ ಕಾಣಿಸಿತು. ಮನೆ ಮುಂದಿನ ಇಳಿಜಾರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದಾಗ ಮುಂದಿನ ಬಲಗಡೆ ಟೈರ್ ಫೆಂಡರಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ, ಅಂದರೆ ಲೈನರಿಗೆ, ಕರಕರ ಉಜ್ಜಿತು. ಗಾಡಿಯ ಭಾರ ಬಿದ್ದಾಗ ಚಕ್ರ ಮೇಲಕ್ಕೆ ಹೋಗುತ್ತದೆ, ಜೊತೆಗೆ ಸ್ವಲ್ಪ ವಾಲುತ್ತದೆ. ಗಾಳಿಯಲ್ಲಿ ನೇತಾಡುವಾಗಿನ ಅಳತೆಗೆ ಬೆಲೆ ಇಲ್ಲ.

ಎರಡನೇ ಸಲ ಸರಿಯಾಗಿ ಮಾಡಿದೆ. ಚಕ್ರವನ್ನು ಗಾಡಿಗೆ ಹಿಡಿದಿರುವ ಕೆಳಗಿನ ತೋಳಿನ (ಕಂಟ್ರೋಲ್ ಆರ್ಮ್) ಅಡಿಗೆ ಇನ್ನೊಂದು ಜಾಕ್ ಕೊಟ್ಟು, ಚಕ್ರವನ್ನು ರಸ್ತೆಯಲ್ಲಿರುವಷ್ಟೇ ಎತ್ತರಕ್ಕೆ ತಂದೆ. ಸ್ಟ್ರಟ್ ಮೇಲೆ, ಲೈನರ್ ಮೇಲೆ ಅಲ್ಲಲ್ಲಿ ಚಪಾತಿ ಹಿಟ್ಟಿನ ಉಂಡೆ ಅಂಟಿಸಿದೆ. ಸ್ಟೇರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಆಮೇಲೆ ಉಂಡೆ ಎಷ್ಟು ದಪ್ಪ ಉಳಿದಿದೆ ಅಂತ ನೋಡಿದೆ. ಸ್ಟ್ರಟ್ ಕಡೆ 6 ಮಿ.ಮೀ. ಉಳಿದಿತ್ತು, ಲೈನರ್ ಕಡೆ ಒಂದು ಜಾಗದಲ್ಲಿ ಹಿಟ್ಟು ಪೂರ್ತಿ ಅಪ್ಪಚ್ಚಿಯಾಗಿತ್ತು. ಆ ಜಾಗದಲ್ಲಿ ಹೀಟ್ ಗನ್‌ನಿಂದ ಲೈನರನ್ನು ಕಾಯಿಸಿ ಒಳಕ್ಕೆ ಒತ್ತಿದೆ. ಕತ್ತರಿಸಲಿಲ್ಲ. ಲೈನರ್ ಕತ್ತರಿಸಿದರೆ ಇಲ್ಲಿನ ಚಳಿಗಾಲದ ಉಪ್ಪುನೀರು ನೇರ ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ.

ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಅನ್ನುವುದರ ಬಗ್ಗೆ ಒಂದು ಮಾತು, ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ಚಕ್ರದ ತಲೆ ಒಳಕ್ಕೆ ವಾಲಿಸಲು ಎರಡು ದಾರಿ ಇವೆ. ಸ್ಟ್ರಟ್ ಕೆಳಗಿನ ಕ್ಯಾಂಬರ್ ಬೋಲ್ಟ್‌ನಲ್ಲಿ ವಾಲಿಸಿದರೆ ಚಕ್ರ ಸ್ಟ್ರಟ್ ಕಡೆಗೇ ಬಾಗುತ್ತದೆ, ಇದ್ದ 6 ಮಿ.ಮೀ. ಇನ್ನೂ ಕಡಿಮೆಯಾಗುತ್ತದೆ. ಮೇಲಿನ ಕ್ಯಾಂಬರ್ ಪ್ಲೇಟ್‌ನಲ್ಲಿ ಮಾಡಿದರೆ ಸ್ಟ್ರಟ್ ಮತ್ತು ಚಕ್ರ ಎರಡೂ ಒಟ್ಟಿಗೆ ವಾಲುತ್ತವೆ, ನಡುವಿನ ಜಾಗ ಹಾಗೇ ಇರುತ್ತದೆ. ದುಡ್ಡು ಸ್ವಲ್ಪ ಜಾಸ್ತಿ ಆಯಿತು, ಆದರೂ ಪ್ಲೇಟ್ ಹಾಕಿಸಿದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆ.

ಟೈರ್ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಬೇಸಿಗೆ ಟೈರ್, ಅಳತೆ 275/40 ಆರ್19. ಸುತ್ತಳತೆಯ ಲೆಕ್ಕ ಮೊದಲೇ ಹಾಕಿದ್ದೆ. ಹಳೆಯದರ ವ್ಯಾಸ ಸುಮಾರು 692 ಮಿ.ಮೀ., ಹೊಸದು 703. ಶೇಕಡಾ 1.5 ಜಾಸ್ತಿ. ಅಂದರೆ ಮೊದಲಿನಂತೆ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಒಂದೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತದೆ. ಟೈರ್ ಎಷ್ಟು ಭಾರ ಹೊರಬಲ್ಲದು ಅಂತ ಹೇಳುವ ಸಂಖ್ಯೆ, ಲೋಡ್ ಇಂಡೆಕ್ಸ್ ಕೂಡ ನೋಡಿ, ಅದು ಹಳೆಯದಕ್ಕಿಂತ ಕಡಿಮೆ ಇರಲೇಬಾರದು. ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ 204 ನ್ಯೂಟನ್ ಮೀಟರಿಗೆ ಬಿಗಿದೆ. 160 ಕಿಲೋಮೀಟರ್ ಓಡಿಸುವುದರೊಳಗೆ ಇನ್ನೊಮ್ಮೆ ಬಿಗಿದೆ. ಇದನ್ನು ದಯವಿಟ್ಟು ಬಿಡಬೇಡಿ, ಹೊಸ ರಿಮ್ ಕೂತ ಮೇಲೆ ನಟ್ ಸಡಿಲ ಆಗಬಹುದು.

ಮತ್ತೆ ಜಿಂಜರ್‌ಮ್ಯಾನ್‌ಗೆ ಹೋದೆ. ಟೈರ್ ತಣ್ಣಗಿದ್ದಾಗ ಗಾಳಿ 28 ಪಿಎಸ್‌ಐ ಇಟ್ಟು ಹೊರಟೆ, ಬಿಸಿಯಾದ ಮೇಲೆ 33 ತೋರಿಸಿತು. ಟೈರಿನ ಭುಜದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಗೆರೆ ಎಲ್ಲಿಯವರೆಗೆ ಅಳಿಸಿದೆ ಅಂತ ನೋಡಿದರೆ ಟೈರ್ ಎಷ್ಟು ಮಗುಚುತ್ತಿದೆ ಅಂತ ಗೊತ್ತಾಗುತ್ತದೆ. ನನ್ನದೇ ಹಳೆಯ ಸಮಯಕ್ಕಿಂತ ಒಂದು ಸುತ್ತಿಗೆ ಎರಡು ಸೆಕೆಂಡಿಗೂ ಜಾಸ್ತಿ ಉಳಿಯಿತು. ಇದು ಪೂರ್ತಿ ಅಗಲದ ಮಹಿಮೆ ಅಂತ ನಾನು ಹೇಳಲಾರೆ. ಆಲ್-ಸೀಸನ್ ರಬ್ಬರಿನಿಂದ ಬೇಸಿಗೆ ಟೈರಿನ ಮೆತ್ತನೆ ರಬ್ಬರಿಗೆ ಬಂದಿದ್ದೆ, ಕ್ಯಾಂಬರ್ ಕೂಡ ಬದಲಾಗಿತ್ತು. ನನ್ನ ಅಂದಾಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲಾಭ ರಬ್ಬರಿನದ್ದೇ. ಅಗಲದಿಂದ ಖಂಡಿತ ಸಿಕ್ಕಿದ್ದು ಬಾಳಿಕೆ. ಹತ್ತನೇ ಸುತ್ತಿನಲ್ಲೂ ಗಾಡಿ ಮೊದಲನೇ ಸುತ್ತಿನ ಹಾಗೇ ತಿರುಗುತ್ತಿತ್ತು.

ಕಳೆದುಕೊಂಡದ್ದೂ ಇದೆ. ಒಂದೊಂದು ಚಕ್ರ ಎರಡು ಕಿಲೋ ಭಾರ ಜಾಸ್ತಿ ತೂಗಿತು. ಹೈವೇಯಲ್ಲಿ ಲಾರಿ ಓಡಿ ಹಳ್ಳ ಬಿದ್ದ ಜಾಡು ಸಿಕ್ಕರೆ ಸ್ಟೇರಿಂಗ್ ಆ ಜಾಡಿನ ಕಡೆ ಎಳೆಯುತ್ತದೆ, ಎರಡೂ ಕೈ ಬೇಕು. ಜೋರು ಮಳೆಯಲ್ಲಿ ಅಗಲದ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, ಆಗ ನಾನು ವೇಗ ಚೆನ್ನಾಗಿಯೇ ಇಳಿಸುತ್ತೇನೆ.

ಚಳಿಗಾಲಕ್ಕಂತೂ ಇದು ಆಗುವುದೇ ಇಲ್ಲ. 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ. ಹಿಮದಲ್ಲಿ ಅಗಲ ಇದ್ದಷ್ಟೂ ಟೈರ್ ಹಿಮದ ಮೇಲೇ ತೇಲುತ್ತದೆ, ಕಿರಿದಾದದ್ದು ಹಿಮ ಸೀಳಿಕೊಂಡು ನೆಲ ಮುಟ್ಟುತ್ತದೆ. "ಹಂಗಾರೆ ಕೇಜ್ ವೀಲಿಗೆ ಉಲ್ಟಾ ಅನ್ನು" ಅಂದರು ಅಪ್ಪಾಜಿ. ಹಳೆಯ 8 ಇಂಚಿನ ರಿಮ್‌ಗಳನ್ನು ಮಾರದೆ, ಅವಕ್ಕೆ 235ರ ಸ್ನೋ ಟೈರ್ ಹಾಕಿಸಿಟ್ಟುಕೊಂಡಿದ್ದೇನೆ. ನವೆಂಬರ್ ಮೊದಲ ವಾರ ಅವು ಗಾಡಿಗೆ ಬರುತ್ತವೆ. 275ರ ನಾಲ್ಕೂ ತೊಳೆದು, ಒಣಗಿಸಿ, ಸೀಮೆಸುಣ್ಣದಲ್ಲಿ "ಮುಂದೆ ಎಡ", "ಹಿಂದೆ ಬಲ" ಅಂತ ಬರೆದು, ಏಪ್ರಿಲ್‌ವರೆಗೆ ಗ್ಯಾರೇಜಿನ ಮೂಲೆಗೆ ಜೋಡಿಸುತ್ತೇನೆ.