ಎಳಿಬೇಡಿ ಮಾರಾಯ್ರೆ! ಹಿನ್ನೀರಿನ ಗಾಳದವನು ಕಡಲಿಗೆ ಹೋಗಿದ್ದು

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ದಂಡೆ ಮೇಲೆ. ಗಾಳ ಹಾಕೋದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಮುಂಗಾರಿನ ಮೊದಲ ನೆರೆಗೆ ಮೀನು ಹೊಳೆಯಿಂದ ಗದ್ದೆಗೆ ಹತ್ತುವಾಗ ರಾತ್ರಿ ಬ್ಯಾಟ್ರಿ ಹಿಡಿದು ಹತ್ತುಮೀನು ಕಡಿಯಲು ಹೋಗಿದ್ದು, ಹಳ್ಳಕ್ಕೆ ಕೂಣಿ, ಅಂದರೆ ಬಿದಿರಿನ ಮೀನುಬುಟ್ಟಿ, ಇಟ್ಟಿದ್ದು, ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕಾಟ್ಲಾ ಮೀನಿಗೆ ಹಿಟ್ಟಿನುಂಡೆ ಕಟ್ಟಿ ಸಂಜೆವರೆಗೆ ಕಲ್ಲಿನ ಮೇಲೆ ಕೂತಿದ್ದು, ಹೀಗೇ ಬಂತು. ಕಡಲಲ್ಲೂ ಇದೇ ಕೆಲಸ, ಮೀನು ಸ್ವಲ್ಪ ದೊಡ್ಡದು ಅಷ್ಟೆ ಅಂದುಕೊಂಡಿದ್ದೆ. ಎರಡು ಸಲ ಹೋಗಿ ಬಂದ ಮೇಲೆ ಹೇಳುತ್ತೇನೆ, ಅದು ಬೇರೆಯೇ ಕೆಲಸ.

ಹುಚ್ಚು ಹಿಡಿಸಿದ್ದು ಮೊಬೈಲು. ಆಸ್ಟ್ರೇಲಿಯಾದ ಕೇರ್ನ್ಸ್ ಕಡೆ ದೋಣಿ ಬಾಡಿಗೆ ಹಿಡಿದು ಬ್ಲ್ಯಾಕ್ ಮಾರ್ಲಿನ್ ಹಿಡಿಯುವ ವಿಡಿಯೋ ನೋಡುತ್ತಾ ಎಷ್ಟೋ ರಾತ್ರಿ ನಿದ್ದೆ ಕೆಟ್ಟಿದ್ದೇನೆ. 1953ರಲ್ಲಿ ಪೆರು ದೇಶದ ಕಾಬೋ ಬ್ಲಾಂಕೊ ಹತ್ತಿರ ಒಬ್ಬರು ಗಾಳದಲ್ಲಿ ಹಿಡಿದ ಮಾರ್ಲಿನ್ 707 ಕೆಜಿ ತೂಗಿತ್ತಂತೆ. ಏಳು ಕ್ವಿಂಟಾಲ್! ನಮ್ಮ ತೋಟದ ಒಂದು ವರ್ಷದ ಅಡಿಕೆ ಸರಿಸುಮಾರು ಅಷ್ಟು. ಅಷ್ಟು ದೊಡ್ಡದು ನಮ್ಮ ಅರಬ್ಬಿ ಸಮುದ್ರದ ಅಂಚಿನಲ್ಲಿ ಸಿಗುತ್ತೆ ಅಂತ ನಾನೇನೂ ಕನಸು ಕಾಣಲಿಲ್ಲ. ಆದರೆ ಇಸ್ವಾಣ (ಅಂಜಲ್) ಇದೆ, ಕೇದರ್ (ಟ್ಯೂನಾ) ಇದೆ, ಬರಾಕುಡಾ ಇದೆ, ಅದೃಷ್ಟ ಇದ್ದರೆ ಸೇಲ್‌ಫಿಶ್ ಕೂಡ ಇದೆ. ಮನೆಯಿಂದ ಮೂರು ಗಂಟೆ ದಾರಿ. ಆಸ್ಟ್ರೇಲಿಯಾಕ್ಕೆ ಯಾಕೆ ಹೋಗಬೇಕು, ಅಲ್ವಾ?

ಮೊದಲನೇ ಸಲ ಮೋಸ ಹೋದೆ. ಯಾರದ್ದು ಅಂತ ಹೇಳೋದಿಲ್ಲ, ತಪ್ಪು ನನ್ನದೂ ಇತ್ತು. ಫೋನಿನಲ್ಲಿ 'ಬಿಗ್ ಗೇಮ್', ಅಂದರೆ ದೊಡ್ಡ ಮೀನಿನ ಬೇಟೆ, ಅಂದರು, ನಾನು ಮುಂಗಡ ಕಳಿಸಿದೆ. ಹೋಗಿ ನೋಡಿದರೆ ಜನರನ್ನು ಸುತ್ತಾಡಿಸುವ ದೋಣಿ. ದಡದಿಂದ ಎರಡು ಕಿಲೋಮೀಟರ್ ಆಚೆ ಲಂಗರು ಹಾಕಿ ಕೈಗೆ ಒಂದೊಂದು ನೂಲುಂಡೆ ಕೊಟ್ಟರು. ಸೀಗಡಿ ಚೂರು ಕಟ್ಟಿ ಬೆರಳುದ್ದದ ಮೀನು ಹಿಡಿದು ಹತ್ತು ಗಂಟೆಗೆ ವಾಪಸ್. ದಾರಿಯಲ್ಲಿ ಗೇರುಸೊಪ್ಪೆ ಘಾಟಿ ಹತ್ತುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಎರಡನೇ ಸಲ ಬುದ್ಧಿ ಬಂದಿತ್ತು. ಹೊನ್ನಾವರದಲ್ಲಿ ಅಕ್ಕನ ಮನೆ. ಭಾವನಿಗೆ ಮುರ್ಡೇಶ್ವರದ ಕಡೆ ಒಬ್ಬ ತಾಂಡೇಲರ ಪರಿಚಯ ಇತ್ತು. ದೋಣಿ ನಡೆಸುವ ಮುಖ್ಯಸ್ಥನಿಗೆ ಅಲ್ಲಿ ತಾಂಡೇಲ ಅನ್ನುತ್ತಾರೆ. ದುಡ್ಡಿನ ಮಾತಿಗೆ ಮುಂಚೆ ಅವರ ಹತ್ತಿರ ಒಂದಷ್ಟು ಪ್ರಶ್ನೆ ಕೇಳಿದೆ. ಎಷ್ಟು ದೂರ ಹೋಗುತ್ತೀರಿ? ಇಂಜಿನ್ ಒಂದೋ ಎರಡೋ? ಎರಡಿದ್ದರೆ ಒಂದು ಕೈಕೊಟ್ಟರೂ ಮನೆ ಸೇರಬಹುದು. ಲೈಫ್ ಜಾಕೆಟ್ ತಲೆಗೊಂದು ಇದೆಯಾ, ವಯರ್‌ಲೆಸ್ ಇದೆಯಾ, ಹೊರಗಿನವರನ್ನು ಕೂರಿಸಲು ಪರವಾನಗಿ ಇದೆಯಾ? ಹಿಡಿದ ಮೀನು ಯಾರಿಗೆ? ಈ ಕೊನೆಯದನ್ನು ಕೇಳಲು ನಮ್ಮವರಿಗೆ ಸಂಕೋಚ, ಆದರೆ ಜಗಳ ಆಗೋದೇ ಅಲ್ಲಿ. ನಾವು ಎರಡು ಮೀನು ತರೋದು, ಉಳಿದದ್ದು ದೋಣಿಗೆ ಅಂತ ಮಾತಾಯಿತು. ಸೇಲ್‌ಫಿಶ್ ಸಿಕ್ಕರೆ ಫೋಟೋ ತೆಗೆದು ವಾಪಸ್ ಬಿಡೋಣ, ಹೊರದೇಶದಲ್ಲಿ ಹಾಗೆ ಮಾಡುತ್ತಾರೆ ಅಂದೆ. ತಾಂಡೇಲರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡುದಾದ್ರೆ ಬಿಡುವ. ಆದ್ರೆ ಎಣ್ಣೆ ದುಡ್ಡು ಬಿಡೂಕಾತಿಲ್ಲ" ಅಂದರು. ನ್ಯಾಯವಾದ ಮಾತು. ಇಡೀ ದಿನಕ್ಕೆ ಹದಿನೆಂಟು ಸಾವಿರ, ನಾಲ್ಕು ಜನ ಹಂಚಿಕೊಂಡೆವು.

ದಿನ ಆರಿಸಿದ್ದೂ ಅವರೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ. ನಿಷೇಧ ಮುಗಿದ ಕೂಡಲೇ ಓಡಬೇಡಿ, ಆಗಸ್ಟ್‌ನಲ್ಲಿ ಕಡಲು ಇನ್ನೂ ಸಿಟ್ಟಿನಲ್ಲೇ ಇರುತ್ತೆ. ಚಳಿಗಾಲದ ಬೆಳಗ್ಗೆ ಚೆನ್ನ. ಗಾಳಿ ದಡದ ಕಡೆಯಿಂದ ಬೀಸುತ್ತೆ, ನೀರು ಮಟ್ಟಸ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಅಲೆ ಏಳುತ್ತೆ. ಹಾಗಾಗಿ ಕತ್ತಲಲ್ಲೇ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ವಾಪಸ್ ಬರೋದು ಲೆಕ್ಕ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆ ಎಷ್ಟು ಎತ್ತರ ಅಂತ ಮುನ್ಸೂಚನೆ ಕೊಡುತ್ತೆ. ಉಪಗ್ರಹದಿಂದ ನೀರಿನ ಬಿಸಿ ಮತ್ತು ಬಣ್ಣ ನೋಡಿ ಮೀನು ಎಲ್ಲಿ ಸೇರಬಹುದು ಅಂತಲೂ ಹೇಳುತ್ತೆ. ತಾಂಡೇಲರ ಮೊಬೈಲಿನಲ್ಲಿ ಅದೂ ಇತ್ತು.

ಈಗ ಮುಖ್ಯ ವಿಷಯ, ಡ್ರ್ಯಾಗ್. ಕೋಲಿನ ಬುಡದಲ್ಲಿ ದಾರ ಸುತ್ತುವ ರೀಲಿನೊಳಗೆ ಒಂದು ಬ್ರೇಕ್ ಇರುತ್ತೆ. ಮೀನು ಇಷ್ಟು ಜೋರಾಗಿ ಎಳೆದರೆ ದಾರ ತಾನೇ ಬಿಚ್ಚಿಕೊಳ್ಳಲಿ ಅಂತ ಅದನ್ನು ತಿರುಗಿಸಿ ಬಿಗಿ ಮಾಡಿಡಬೇಕು. ಸಾಮಾನ್ಯವಾಗಿ ದಾರದ ತಾಕತ್ತಿನ ಮೂರನೇ ಒಂದು ಪಾಲಿಗೆ ಇಡುತ್ತಾರೆ, ಅದಕ್ಕಿಂತ ಜಾಸ್ತಿ ಇಟ್ಟರೆ ಮೊದಲ ಓಟಕ್ಕೇ ಎಲ್ಲಾದರೂ ತುಂಡಾಗುತ್ತೆ. ನನ್ನದು 50 ಪೌಂಡಿನ ಹೆಣೆದ ದಾರ, ಅಂದರೆ ಹತ್ತಿರ ಹತ್ತಿರ 22 ಕೆಜಿ ತಡೆಯುತ್ತೆ, ಮೂರನೇ ಒಂದು ಅಂದರೆ ಏಳು ಕೆಜಿ ಚಿಲ್ಲರೆ. ಕೈಯಲ್ಲಿ ಎಳೆದು ನೋಡಿದರೆ ಏಳು ಕೆಜಿ ಎಷ್ಟು ಅಂತ ಗೊತ್ತಾಗೋದಿಲ್ಲ. ಅಪ್ಪ ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿ ಅಟ್ಟದಿಂದ ಇಳಿಸಿದೆ. ಅಂಗಳದ ಚಪ್ಪರದ ಕಂಬಕ್ಕೆ ಅದನ್ನು ಕಟ್ಟಿ, ಅದರ ಕೊಕ್ಕೆಗೆ ದಾರದ ತುದಿ ಸಿಕ್ಕಿಸಿ, ಗಾಳದ ಕೋಲು ಹಿಡಿದು ಹಿಂದಕ್ಕೆ ನಡೆದೆ. ಕೋಲು ಬಾಗಿತು. ಮುಳ್ಳು ಮೂರು, ನಾಲ್ಕು, ಐದು ಅಂತ ಏರಿತು, ರೀಲು ಕಿರ್ರ್ ಅನ್ನಲು ಶುರು ಮಾಡಿತು. ಸ್ವಲ್ಪ ಬಿಗಿ ಮಾಡಿ ಮತ್ತೆ ನಡೆದೆ. ಸರಿಯಾಗಿ ಏಳಕ್ಕೆ ಕಿರ್ರ್ ಅನ್ನುವವರೆಗೆ ಐದಾರು ಸಲ ಮಾಡಿದೆ. ಅಪ್ಪ ಜಗಲಿಯಲ್ಲಿ ಕೂತು ಎಲ್ಲ ನೋಡಿ, "ಮೀನು ಹಿಡಿಯೋ ಮುಂಚೆನೇ ತೂಗ್ತಿದೀಯಲ್ಲೋ" ಅಂದರು.

ರಾತ್ರಿ ಎರಡಕ್ಕೆ ಹೊರಟೆವು. ಘಾಟಿ ಇಳಿದು ಮುರ್ಡೇಶ್ವರ ಮುಟ್ಟಿದಾಗ ಇನ್ನೂ ಕತ್ತಲು. ನಾನು ಹಿಂದಿನ ರಾತ್ರಿಯೇ ಡಾಕ್ಟರ್ ಬರೆದುಕೊಟ್ಟ ವಾಂತಿ ಮಾತ್ರೆ ನುಂಗಿದ್ದೆ. ಅದನ್ನು ದೋಣಿ ಹತ್ತಿದ ಮೇಲೆ ನುಂಗಿ ಪ್ರಯೋಜನ ಇಲ್ಲ. ನನ್ನ ಗೆಳೆಯನೊಬ್ಬ, ಘಾಟಿಯಲ್ಲೇ ಹುಟ್ಟಿ ಬೆಳೆದವನು, ತನಗೆ ಯಾವ ತಿರುವಿನಲ್ಲೂ ತಲೆ ತಿರುಗಿಲ್ಲ ಅಂತ ಮಾತ್ರೆ ಬೇಡ ಅಂದ. ಹೋಟೆಲಿನಲ್ಲಿ ನಾಲ್ಕು ಬನ್ಸ್ ಬೇರೆ ತಿಂದ. ಪಾಪ, ಅವನು ಆ ದಿನ ಕಂಡ ಕಡಲೆಲ್ಲ ದೋಣಿಯ ಅಂಚಿನಿಂದ ಕೆಳಗಿನದ್ದು ಮಾತ್ರ. ಓಡುವಾಗ ಅಷ್ಟು ಗೊತ್ತಾಗೋದಿಲ್ಲ. ಇಂಜಿನ್ ನಿಧಾನ ಮಾಡಿ ಹೊಗೆ ಹಿಂದಿನಿಂದ ಸುತ್ತಿಕೊಂಡು ಬಂದಾಗ ಶುರುವಾಗುತ್ತೆ. ದೂರದ ಗೆರೆ ನೋಡುತ್ತಾ ದೋಣಿಯ ನಡುವೆ ಕೂತರೆ ತಡೆದುಕೊಳ್ಳಬಹುದು. ಮೊಬೈಲು ನೋಡಿದರೆ ಮುಗಿಯಿತು.

ಬೆಳಕು ಹರಿದಾಗ ಹಿಂದೆ ತಿರುಗಿದರೆ 123 ಅಡಿಯ ಶಿವ ಹೆಬ್ಬೆರಳಷ್ಟು. ಜಿಪಿಎಸ್ ಇದ್ದರೂ ತಾಂಡೇಲರು ಗೋಪುರ ಹಿಂದಿನ ಗುಡ್ಡದ ಯಾವ ಕಡೆ ಬರುತ್ತೆ ಅಂತ ಆಗಾಗ ನೋಡುತ್ತಿದ್ದರು. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ನಡುಗಡ್ಡೆಯನ್ನು ದೂರದಿಂದಲೇ ಬಳಸಿ ಮುಂದೆ ಹೋದೆವು. ಅಲ್ಲಿ ಹವಳದ ದಿಬ್ಬ ಇದೆ, ಡೈವಿಂಗ್‌ನವರು ನೀರಿಗೆ ಇಳಿದಿರುತ್ತಾರೆ, ಗಾಳ ಹಿಡಿದು ಹತ್ತಿರ ಹೋಗೋದು ಸರಿಯಲ್ಲ. ಅದರಾಚೆ ಒಂದು ಕಡೆ ಹಸಿರು ನೀರು ನಿಂತು ನೀಲಿ ನೀರು ಶುರುವಾಗುತ್ತೆ, ಯಾರೋ ಹಗ್ಗ ಹಿಡಿದು ಗೆರೆ ಎಳೆದ ಹಾಗೆ. ಗೆರೆ ಉದ್ದಕ್ಕೂ ಕಸ, ತೆಂಗಿನ ಸೋಗೆ, ಮೇಲೆ ಹಕ್ಕಿ. ಹಕ್ಕಿ ಸುಮ್ನೆ ಹಾರುತ್ತಿದ್ದರೆ ಲೆಕ್ಕಕ್ಕಿಲ್ಲ, ದಬ್ ದಬ್ ಅಂತ ನೀರಿಗೆ ಬೀಳುತ್ತಿದ್ದರೆ ಕೆಳಗೆ ಸಣ್ಣ ಮೀನು, ಅದರ ಕೆಳಗೆ ದೊಡ್ಡದು.

ನಾಲ್ಕು ಕೋಲು ಹಾಕಿ ನಿಧಾನಕ್ಕೆ ದೋಣಿ ಓಡಿಸಿದರು. ಎರಡಕ್ಕೆ ಪ್ಲಾಸ್ಟಿಕ್ ಮೀನು, ಎರಡಕ್ಕೆ ಇಡೀ ಬಂಗುಡೆ. ತುದಿಗೆ ಸ್ಟೀಲ್ ತಂತಿ, ಯಾಕೆಂದರೆ ಇಸ್ವಾಣದ ಹಲ್ಲು ಬರೀ ದಾರವನ್ನು ಉಳಿಸೋದಿಲ್ಲ. ಮೊದಲ ಹೊಡೆತಕ್ಕೆ ಕೋಲು ಒಂದು ಸಲ ಬಗ್ಗಿ ನೆಟ್ಟಗಾಯಿತು. ಎಳೆದು ನೋಡಿದರೆ ಬಂಗುಡೆ ಅರ್ಧ ಮಾತ್ರ ಬಂತು, ಅಡಕತ್ತರಿಯಲ್ಲಿ ಹೋಳು ಮಾಡಿದ ಹಾಗೆ. ಇಸ್ವಾಣ ಮೊದಲು ಬಾಲ ಕತ್ತರಿಸುತ್ತೆ, ಆಮೇಲೆ ಉಳಿದದ್ದಕ್ಕೆ ಬರುತ್ತೆ. ತಾಂಡೇಲರ ಮಗ ಮಾತಾಡದೆ ಇನ್ನೊಂದು ಬಂಗುಡೆ ತೆಗೆದು ಬಾಲದ ಹತ್ತಿರ ಎರಡನೇ ಗಾಳ ಸೇರಿಸಿದ. ಅಷ್ಟರಲ್ಲಿ ಎರಡು ಕೇದರ್ ಬಂದವು, ಎರಡೆರಡು ಕೆಜಿ ಇರಬಹುದು. ದಪ್ಪ ಗುಂಡು, ಕೈಯಲ್ಲಿ ಹಿಡಿದರೆ ಮೋಟಾರು ನಡುಗಿದ ಹಾಗೆ ನಡುಗುತ್ತವೆ.

ಒಂಬತ್ತೂವರೆಗೆ ನನ್ನ ಕೋಲಿನ ಸರದಿ. ರೀಲು ಕಿರ್ರ್ ಅನ್ನಲಿಲ್ಲ, ಕೂಗಿತು. ಮಿಕ್ಸಿ ಹಾಕಿದ ಹಾಗೆ. ನೂರು ಮೀಟರ್ ಹಿಂದೆ ನೀರು ಒಡೆದು ಒಂದು ಮೀನು ಪೂರಾ ಹೊರಗೆ ಬಂತು. ಉದ್ದ ಮೂತಿ, ಬೆನ್ನ ಮೇಲೆ ಬಿಚ್ಚಿದ ಛತ್ರಿಯಂಥ ರೆಕ್ಕೆ, ಕಡು ನೀಲಿ. ಸೇಲ್‌ಫಿಶ್. ಆರಡಿ ಇತ್ತು ಅಂತ ನಾನು ಹೇಳುತ್ತೇನೆ, ಭಾವ ಐದು ಅನ್ನುತ್ತಾರೆ. ಆ ಕ್ಷಣದಲ್ಲಿ ಇಪ್ಪತ್ತು ವರ್ಷದ ಹಿನ್ನೀರಿನ ಅಭ್ಯಾಸ ಕೈಗೆ ಬಂದುಬಿಟ್ಟಿತು. ನಮ್ಮಲ್ಲಿ ಮೀನು ಕಚ್ಚಿದರೆ ಮುಳುಗಿದ ಮರದ ಬುಡ್ಡೆಯೊಳಗೆ ನುಗ್ಗುವ ಮುಂಚೆ ಎಳೆದು ದಡಕ್ಕೆ ಹಾಕಬೇಕು. ನಾನು ಅಂಗೈಯಿಂದ ರೀಲು ಒತ್ತಿ ಹಿಡಿದು ಕೋಲನ್ನು ಮೇಲಕ್ಕೆ ಜಗ್ಗಿದೆ.

"ಎಳಿಬೇಡಿ ಮಾರಾಯ್ರೆ! ಓಡ್ಲಿ ಅದು, ಓಡ್ಲಿ!"

ತಾಂಡೇಲರು ಕೂಗಿದ್ದು ಕೇಳಿಸಿತು. ಮೀನು ಎರಡನೇ ಸಲ ಹಾರಿ ತಲೆ ಕೊಡವಿತು. ದಾರ ಸಡಿಲಾಯಿತು. ಅಷ್ಟೇ. ಚಪ್ಪರದ ಕಂಬಕ್ಕೆ ಕಟ್ಟಿ ಅಷ್ಟು ಕಷ್ಟಪಟ್ಟು ಏಳು ಕೆಜಿಗೆ ಇಟ್ಟಿದ್ದನ್ನು ಒಂದು ಅಂಗೈಯಲ್ಲಿ ಹಾಳು ಮಾಡಿದ್ದೆ. ಅದು ಹಾರುವಾಗ ಕೋಲನ್ನು ಅದರ ಕಡೆಗೇ ಬಗ್ಗಿಸಿ ದಾರ ಸಡಿಲ ಕೊಡಬೇಕಂತೆ, ಅಷ್ಟು ಹೊತ್ತು ಗೆದ್ದೆ ಅಂತ ಅದು ಅಂದುಕೊಳ್ಳಲಿ. ಅಂಗೈಯಲ್ಲಿ ದಾರ ಕೊಯ್ದ ಗೆರೆ ಎರಡು ವಾರ ಇತ್ತು. ಕೈಗವಸು ಚೀಲದಲ್ಲೇ ಇತ್ತು, ಹಾಕಿಕೊಂಡಿರಲಿಲ್ಲ.

ಯಾರೂ ಬೈಯಲಿಲ್ಲ. ಅದೇ ಜಾಸ್ತಿ ಕಷ್ಟ ಆಯಿತು. ತಾಂಡೇಲರು ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟು, ದೋಣಿ ತಿರುಗಿಸಿ ಅದೇ ಗೆರೆ ಮೇಲೆ ಮತ್ತೆ ಹೋದರು. ಹನ್ನೊಂದರ ಸುಮಾರಿಗೆ ಎರಡು ಗಾಳದ ಬಂಗುಡೆಗೆ ಹೊಡೆತ ಬಿತ್ತು. ಈ ಸಲ ಎಡಗೈಯನ್ನು ಕೋಲಿಗೆ ಅಂಟಿಸಿಕೊಂಡು, ಬಲಗೈಯನ್ನು ಹಿಡಿಕೆ ಬಿಟ್ಟು ಎಲ್ಲೂ ಇಡದೆ ನಿಂತೆ. ದಾರ ಹೋಗುತ್ತಲೇ ಇತ್ತು. ಕಣ್ಣೆದುರೇ ಅಷ್ಟು ದಾರ ಹೋಗೋದನ್ನು ಸುಮ್ನೆ ನೋಡುತ್ತಾ ನಿಲ್ಲೋದು ಎಂಥ ಹಿಂಸೆ! ಓಟ ನಿಂತ ಮೇಲೆ ಕೆಲಸ. ಸೊಂಟಕ್ಕೆ ಕಟ್ಟಿದ ಪಟ್ಟಿಯ ಗುಳಿಗೆ ಕೋಲಿನ ಬುಡ ಊರಿ, ಬೆನ್ನು ನೆಟ್ಟಗಿಟ್ಟು ನಿಧಾನ ಎತ್ತಬೇಕು, ಇಳಿಸುವಾಗ ಸುತ್ತಬೇಕು. ಎತ್ತುವಾಗ ಸುತ್ತಬಾರದು. ಬಾವಿಯಿಂದ ಕೊಡ ಸೇದುವ ಲಯ. ಮತ್ತೆ ಎರಡು ಸಲ ಓಡಿತು, ಎರಡು ಸಲವೂ ಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ದೋಣಿಯ ಪಕ್ಕ ಬೆಳ್ಳಿ ಬಣ್ಣದ ಉದ್ದ ಮೈ ಮಿಂಚಿತು. ತಾಂಡೇಲರ ಮಗ ಕೊಕ್ಕೆ ಹಾಕಿ ಎತ್ತಿದ. ಇಸ್ವಾಣ!

ಅಲ್ಲೇ ಕಿವಿರು ಕೊಯ್ದು ರಕ್ತ ಹೋಗಲು ಬಿಟ್ಟು ಐಸ್ ಪೆಟ್ಟಿಗೆಗೆ ಹಾಕಿದರು. ಇದನ್ನು ನಮ್ಮವರು ತಿಳಿದುಕೊಳ್ಳಬೇಕು. ಕೇದರ್, ಬಂಗುಡೆ, ಇಸ್ವಾಣದ ಜಾತಿಯ ಮೀನನ್ನು ಫೋಟೋ ತೆಗೆಯುತ್ತಾ ಬಿಸಿಲಲ್ಲಿ ಬಿಟ್ಟರೆ ಹಿಸ್ಟಮಿನ್ ಅನ್ನೋದು ಸೇರಿಕೊಳ್ಳುತ್ತೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗೋದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ತುರಿಕೆ. ಐಸ್ ಎಷ್ಟು ಇದೆ ಅಂತಲೂ ಹೊರಡುವ ಮುಂಚೆಯೇ ನೋಡಿಕೊಳ್ಳಿ.

ತೂಗೋಣ ಅಂತ ನಾನು ಚೀಲದಿಂದ ಅಪ್ಪನ ತಕ್ಕಡಿ ತೆಗೆದೆ. ಎಲ್ಲರೂ ನಕ್ಕರು. ಒಂಬತ್ತು ಕೆಜಿ ನಾನೂರು ಗ್ರಾಂ. 707 ಕೆಜಿಯ ಎದುರು ಇದೇನೂ ಅಲ್ಲ, ಆದರೆ ಆ ದಿನ ಅದನ್ನು ಎತ್ತಿ ಹಿಡಿದಾಗ ನನ್ನ ತೋಳು ನಡುಗುತ್ತಿತ್ತು.

ಮನೆಗೆ ಬಂದಾಗ ರಾತ್ರಿ. ಅಮ್ಮ ತುಂಡು ಮಾಡಿ ಮಸಾಲೆ ಹಚ್ಚಿ ಹುರಿದರು, ತಲೆ ಸಾರಾಯಿತು. ಅಕ್ಕಪಕ್ಕದ ಮೂರು ಮನೆಗೆ ಹಂಚಿದೆವು. ರುಚಿ ಚೆನ್ನಾಗಿದೆ, ಆದರೆ ಹತ್ತುಮೀನಿನ ಸಾರು ಬೇರೆ ಅಂತ ಅಮ್ಮ ಅಂದರು. ವಾದ ಮಾಡಲಿಲ್ಲ. ತಕ್ಕಡಿಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ ಅಟ್ಟಕ್ಕೆ ಇಟ್ಟೆ. ಆದರೂ ಉಪ್ಪು ಒಳಗೆ ಹೋಗಿದೆ. ಮುಳ್ಳು ಈಗ ಸೊನ್ನೆಗೆ ಬರೋದಿಲ್ಲ, ಖಾಲಿ ಇದ್ದಾಗಲೂ ಇನ್ನೂರು ಗ್ರಾಂ ತೋರಿಸುತ್ತೆ. ಮುಂದಿನ ತಿಂಗಳು ಅಡಿಕೆ ಕೊಯ್ಲು. ಅಪ್ಪನಿಗೆ ಇನ್ನೂ ಹೇಳಿಲ್ಲ.