ಎರಡರಲ್ಲಿ ಯಾವ ಸಿಲಿಂಡರ್ ಕೆಟ್ಟಿದೆ? ನಾಡದೋಣಿ ಎಂಜಿನ್‌ನಲ್ಲಿ ಪತ್ತೆ ಹಚ್ಚುವುದು ಹೀಗೆ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದುಡಿಮೆ ಏನಿದ್ದರೂ 10 ಎಚ್‌ಪಿ ಒಳಗಿನ ನಾಡದೋಣಿಗಳದ್ದು. ತೂಫಾನ್ ಆಗಿ ಸಿಗಡಿ ಸಿಗುವ ಹೊತ್ತಿಗೇ ಎಂಜಿನ್ ಎಳೆಯದಿದ್ದರೆ ಇಡೀ ಮಳೆಗಾಲದ ಸಂಪಾದನೆ ಹೋಯಿತು. ಜೀವದ ಪ್ರಶ್ನೆ ಅದಕ್ಕಿಂತ ದೊಡ್ಡದು. ಅಳಿವೆ (ಹೊಳೆ ಕಡಲು ಸೇರುವ ಜಾಗ) ದಾಟುವಾಗ ಒಂದು ಸಿಲಿಂಡರ್ ನಿಂತರೆ ತೆರೆಗೆ ಮುಖ ಕೊಡಲು ದೋಣಿಗೆ ಶಕ್ತಿಯೇ ಇರುವುದಿಲ್ಲ.

ಎಂಜಿನ್ ಸೊರಗಿತು ಅಂದ ಕೂಡಲೇ ಹೆಚ್ಚಿನವರು ಕೈ ಹಾಕುವುದು ಕಾರ್ಬೊರೇಟರ್‌ಗೆ. ಕಳೆದ ಮಳೆಗಾಲ ಮಲ್ಪೆಯಲ್ಲಿ ಒಬ್ಬರು ಅದನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದನ್ನು ನೋಡಿದೆ. ದೋಷ ಇದ್ದದ್ದು ಕೆಳಗಿನ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್‌ನ ಕ್ಯಾಪ್‌ನಲ್ಲಿ. ರಬ್ಬರ್ ಮಡಚಿ ನೋಡಿದರೆ ಒಳಗಿನ ಸ್ಪ್ರಿಂಗ್‌ಗೆ ಹಸಿರು ಕಿಲುಬು ಹಿಡಿದಿತ್ತು. ಉಗುರು ತಾಗಿದರೆ ಪುಡಿ ಉದುರುತ್ತಿತ್ತು.

ಈ ಸಣ್ಣ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಒಂದೇ. ಅದು ಕಟ್ಟಿಕೊಂಡರೆ ಎರಡೂ ಸಿಲಿಂಡರ್ ಒಟ್ಟಿಗೆ ಸೊರಗಬೇಕು, ಅಲ್ವಾ? ಒಂದೇ ಸೊರಗಿದ್ದರೆ ಹುಡುಕಬೇಕಾದ್ದು ಪ್ಲಗ್, ಕ್ಯಾಪ್, ವೈರ್, ರೀಡ್ ವಾಲ್ವ್ (ಇಂಧನ-ಗಾಳಿ ಒಳಗೆ ಬಿಡುವ ತೆಳು ಪಟ್ಟಿ), ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕಡೆ. ಹಾಗಾಗಿ ಕೆಟ್ಟದ್ದು ಒಂದೋ ಎರಡೋ ಅಂತ ಮೊದಲು ಗೊತ್ತಾಗಬೇಕು.

ಹೆಜ್ಜೆ 1: ಸುಲಭದ್ದು ನೋಡಿ ಮುಗಿಸಿ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ? ಸೀಮೆಎಣ್ಣೆಗೆ ನೀರು ಸೇರಿದೆಯಾ? ಪ್ರೊಪೆಲ್ಲರ್ ಹಿಂದೆ ಬಲೆಯ ನೂಲು ಸುತ್ತಿದೆಯಾ?

ಹೆಜ್ಜೆ 2: ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡಿ. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ದೋಣಿಯನ್ನು ಹೊಳೆಯಲ್ಲಿ ಗಟ್ಟಿಯಾಗಿ ಕಟ್ಟಿ. ಡ್ರಮ್ಮಿನ ನೀರಿನಲ್ಲಿ ಬೇಡ, ಭಾರ ಬೀಳದಿದ್ದರೆ ಸೊರಗಿದ ಸಿಲಿಂಡರೂ ಸರಿಯಾಗಿಯೇ ಓಡಿಬಿಡಬಹುದು. ನೀರಿಲ್ಲದೆ ಅಂತೂ ಸ್ಟಾರ್ಟ್ ಮಾಡಲೇಬೇಡಿ, ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಹಾಳಾಗುತ್ತದೆ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ. ಗೇರ್ ಹಾಕಿ ಸ್ವಲ್ಪ ಹೊತ್ತು ಸದ್ದು ಕೇಳಿ.

ಓಡುವ ಎಂಜಿನ್‌ನಿಂದ ಕೈಯಲ್ಲೇ ಕ್ಯಾಪ್ ಕೀಳುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಒದ್ದೆ ಕೈಗೆ ಜೋರು ಶಾಕ್ ಹೊಡೆಯುತ್ತದೆ. ಕರೆಂಟಿಗೆ ದಾರಿ ಸಿಗದೆ ಸಿಡಿಐ (ಕಿಡಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೂಡ ಕೆಡಬಹುದು. ಎಂಜಿನ್ ನಿಲ್ಲಿಸಿ. ಹಳೆಯ ಪ್ಲಗ್ ಒಂದರ ಗ್ಯಾಪ್ ಬಡಿದು ಪೂರ್ತಿ ಮುಚ್ಚಿ, ಕಿಡಿ ಹಾರಬಾರದು. ಮೇಲಿನ ಪ್ಲಗ್‌ನ ಕ್ಯಾಪ್ ತೆಗೆದು ಈ ಹಳೆಯ ಪ್ಲಗ್‌ಗೆ ಸಿಕ್ಕಿಸಿ. ಅದರ ಥ್ರೆಡ್‌ಗೆ ತಾಮ್ರದ ವೈರ್ ಸುತ್ತಿ, ಇನ್ನೊಂದು ತುದಿಯನ್ನು ಎಂಜಿನ್‌ನ ಪೈಂಟ್ ಇಲ್ಲದ ಬೋಲ್ಟ್‌ಗೆ ಬಿಗಿಯಿರಿ. ವೈರ್ ಫ್ಲೈವೀಲ್‌ನಿಂದ ದೂರ ಇರಲಿ. ಈಗ ಹಗ್ಗ ಎಳೆಯಿರಿ. ಕೆಳಗಿನ ಸಿಲಿಂಡರ್ ಒಂದೇ ಓಡುತ್ತದೆ. ಅರ್ಧ ನಿಮಿಷ ಸಾಕು. ನಿಲ್ಲಿಸಿ, ಕೆಳಗಿನದಕ್ಕೂ ಹೀಗೇ ಮಾಡಿ.

ಒಂದನ್ನು ನಿಲ್ಲಿಸಿದಾಗ ಎಂಜಿನ್‌ನ ಸದ್ದು ಬಿದ್ದುಹೋದರೆ ಅದೇ ಕೆಟ್ಟದ್ದು ಅಂತ ತೀರ್ಮಾನಿಸುವವರು ಬಹಳ. ವಿಷಯ ಉಲ್ಟಾ. ಯಾವುದನ್ನು ನಿಲ್ಲಿಸಿದಾಗ ಸದ್ದಿನಲ್ಲಿ ವ್ಯತ್ಯಾಸವೇ ಬರಲಿಲ್ಲವೋ, ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಎರಡು ಸಲ ಮಾಡಿ, ಚೀಟಿಯಲ್ಲಿ ಬರೆದಿಡಿ.

ಎರಡೂ ಒಂದೇ ಸಮ ಸೊರಗಿದ್ದರೆ, ಓಡುವಾಗ ಇಂಧನ ಪೈಪಿನ ರಬ್ಬರ್ ಬಲ್ಬ್ ಹಿಚುಕಿ. ಶಕ್ತಿ ವಾಪಸ್ ಬಂತಾ? ಫ್ಯುಯೆಲ್ ಪಂಪ್ ಅಥವಾ ಪೈಪಿನ ಕ್ಲಿಪ್ ನೋಡಿ. ಬರಲಿಲ್ಲವಾದರೆ ಮಾತ್ರ ಕಾರ್ಬೊರೇಟರ್ ಬಿಚ್ಚಿ.

ಹೆಜ್ಜೆ 3: ಕ್ಯಾಪ್ ಒಳಗೆ ಕಿಲುಬು ಇದೆಯಾ ನೋಡಿ, ಆಮೇಲೆ ಎರಡೂ ಪ್ಲಗ್ ಅದಲುಬದಲು ಮಾಡಿ. ದೋಷವೂ ಜಾಗ ಬದಲಿಸಿದರೆ ಪ್ಲಗ್ ಕೆಟ್ಟಿದೆ. ವೈರ್‌ಗಳನ್ನು ಅದಲುಬದಲು ಮಾಡಬೇಡಿ, ಕೆಲವು ಎಂಜಿನ್‌ಗಳಲ್ಲಿ ಎರಡರ ಕಿಡಿ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಅರ್ಧ ಬೆಲೆಯ ನಕಲಿ ಪ್ಲಗ್ ಬೇಡವೇ ಬೇಡ. ಎಣ್ಣೆಯೂ ಅಷ್ಟೇ: ಬೈಕಿನ 2ಟಿ ಎಣ್ಣೆ ಬೂದಿ ಬಿಡುತ್ತದೆ, ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಬರೆದದ್ದೇ ತನ್ನಿ.

ಹೆಜ್ಜೆ 4: ಪ್ಲಗ್ ಬದಲಿಸಿದರೂ ಅದೇ ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್ ಗೇಜ್ ತನ್ನಿ. ಎರಡೂ ಪ್ಲಗ್ ತೆಗೆದು, ಎರಡೂ ಕ್ಯಾಪ್ ಅರ್ತ್ ಮಾಡಿ (ಹೆಜ್ಜೆ 2ರ ಹಾಗೆ ವೈರ್‌ನಿಂದ ಎಂಜಿನ್‌ಗೆ ಸೇರಿಸಿ). ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಒಂದು ಕಿಡಿ ಸಾಕು ಬೆಂಕಿಗೆ. ಥ್ರಾಟಲ್ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಒಂದು 90 ಪಿಎಸ್‌ಐ, ಇನ್ನೊಂದು 60 ತೋರಿಸಿದರೆ ವರ್ಕ್‌ಶಾಪಿಗೆ ಒಯ್ಯಬೇಕು. ಎರಡೂ ಸಮ ಇದ್ದರೆ ಸತ್ತ ಸಿಲಿಂಡರ್ ಕಡೆಯ ರೀಡ್ ವಾಲ್ವ್ ನೋಡಿಸಿ.

ಒಯ್ಯುವ ಮೊದಲು ಪ್ಲಗ್ ತೂತಿಗೆ ಟಾರ್ಚ್ ಬಿಟ್ಟು ಪಿಸ್ಟನ್ ತಲೆ ನೋಡಿ. ಸೀಮೆಎಣ್ಣೆ ಎಂಜಿನ್‌ನಲ್ಲಿ ಮಸಿ ಇರಲೇಬೇಕು. ಒಂದರಲ್ಲಿ ಮಸಿ ಇದ್ದು ಇನ್ನೊಂದು ಆಗ ತಾನೇ ತಿಕ್ಕಿದ ಪಾತ್ರೆಯ ಹಾಗೆ ಹೊಳೆಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿ ಉಪ್ಪುನೀರು ಒಳಗೆ ಬರುತ್ತಿರುವ ಸಾಧ್ಯತೆ ಹೆಚ್ಚು. ಗ್ಯಾಸ್ಕೆಟ್ ಹೊಸದು ಹಾಕುವವರೆಗೆ ಆ ಎಂಜಿನ್ ಹಿಡಿದು ಅಳಿವೆ ದಾಟಬೇಡಿ.