ಲೇತ್ ಮೇಲೆ ನಿಯೋಬಿಯಂ: ಒಂದು ಹುಕ್ ಮುರಿದ ಕತೆ

ನಾನು ಹೊಸೂರು ಹತ್ತಿರದ ತಳಿ ಎಂಬ ಊರಿನ ಕಡೆಯವನು. ಹೊಸೂರಿನಲ್ಲಿ ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ನಮಗೆ ಬರುವುದು ಜಾಸ್ತಿ ಎಂಎಸ್ (ಸಾದಾ ಉಕ್ಕು), ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್), ಅಲ್ಯೂಮಿನಿಯಂ. ಒಂದು ದಿನ ಬೆಂಗಳೂರಿನ ಗಿರಾಕಿಯೊಬ್ಬರು ಅತ್ತಿಬೆಲೆ ದಾಟಿ ಬಂದು, ಬಟ್ಟೆಯಲ್ಲಿ ಸುತ್ತಿದ್ದ ಒಂದು ರಾಡು ಮತ್ತು ಒಂದು ಸುರುಳಿ ತಂತಿಯನ್ನು ಮೇಜಿನ ಮೇಲಿಟ್ಟರು. "ಹುಷಾರು ಸಾರ್, ಸ್ಕ್ರ್ಯಾಪ್ ಆದ್ರೆ ಮತ್ತೆ ತರಿಸೋಕೆ ತಿಂಗಳುಗಟ್ಟಲೆ ಆಗುತ್ತೆ" ಅಂದರು.

ಡ್ರಾಯಿಂಗ್‌ನಲ್ಲಿ ನಿಯೋಬಿಯಂ ಅಂತಿತ್ತು, ಬಿಲ್ಲಿನಲ್ಲಿ ಕೊಲಂಬಿಯಂ. ನಮ್ಮ ಹುಡುಗ ತಪ್ಪು ಮಾಲು ಬಂದಿದೆ ಅಂತ ವಾಪಸ್ ಕಟ್ಟೋಕೆ ಹೊರಟಿದ್ದ. ಎರಡೂ ಒಂದೇ ಲೋಹ. 1801ರಲ್ಲಿ ಇದನ್ನು ಕಂಡುಹಿಡಿದ ಚಾರ್ಲ್ಸ್ ಹ್ಯಾಚೆಟ್ ಇಟ್ಟ ಹೆಸರು ಕೊಲಂಬಿಯಂ. 1844ರಲ್ಲಿ ಹೈನ್ರಿಕ್ ರೋಸ್ ನಿಯೋಬಿಯಂ ಅಂದರು. ಹಳೇ ಹೆಸರು ರಾಕೆಟ್ ಕೆಲಸದವರ ಬಾಯಲ್ಲಿ ಇನ್ನೂ ಇದೆ. ಇಸ್ರೋದವರು ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ನಾಝಲ್ (ಬೆಂಕಿ ಉಗುಳುವ ಬಾಯಿ) ಬಗ್ಗೆ ಹೇಳುವಾಗಲೂ ಕೊಲಂಬಿಯಂ ಮಿಶ್ರಲೋಹ ಅಂತಲೇ ಹೇಳುತ್ತಾರೆ.

ರಾಡು 12 ಎಂಎಂ ದಪ್ಪ, 600 ಎಂಎಂ ಉದ್ದ. ತೂಗಿದರೆ 580 ಗ್ರಾಂ ಆಸುಪಾಸು. ಕಬ್ಬಿಣಕ್ಕಿಂತ ಸ್ವಲ್ಪವೇ ಭಾರ. ಅದೇ ಅಳತೆಯ ಟಂಗ್‌ಸ್ಟನ್ ಆಗಿದ್ದರೆ 1.3 ಕೆಜಿ ಮೀರುತ್ತಿತ್ತು. ಟಂಗ್‌ಸ್ಟನ್, ಟ್ಯಾಂಟಲಂ, ಮಾಲಿಬ್ಡಿನಂ ತರಹದ, ಬಿಸಿಗೆ ಜಗ್ಗದ ಜಟ್ಟಿ ಲೋಹಗಳ ಗುಂಪಿನಲ್ಲಿ ಇದು ಹಗುರದ್ದು, ಮೆತ್ತಗಿನದ್ದು. ಆದರೂ ಕರಗಬೇಕಾದರೆ ಸುಮಾರು 2,470 ಡಿಗ್ರಿ ಬೇಕು. ಕಬ್ಬಿಣ 1,538ಕ್ಕೇ ನೀರಾಗುತ್ತದೆ.

ಮಾಡಬೇಕಾದದ್ದು ಹತ್ತು ಎಂ8 ಸ್ಟಡ್ (8 ಎಂಎಂ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟು) ಮತ್ತು 3 ಎಂಎಂ ತಂತಿಯ ಹುಕ್ಕುಗಳು. ಎಲ್ಲವೂ ಒಂದು ವ್ಯಾಕ್ಯೂಮ್ ಫರ್ನೇಸಿನ (ಗಾಳಿ ತೆಗೆದ ಕುಲುಮೆ) ಒಳಗೆ ಕೂರುವಂಥವು. "ಮಾಲಿಬ್ಡಿನಂ ಯಾಕೆ ಬೇಡ?" ಅಂತ ಕೇಳಿದೆ. ಅದು ಒಮ್ಮೆ ಚೆನ್ನಾಗಿ ಕಾದು ತಣ್ಣಗಾದ ಮೇಲೆ ಪೆಡಸಾಗುತ್ತದಂತೆ, ಬಿಚ್ಚುವಾಗ ತಟ್ಟಿದರೆ ಮುರಿಯುತ್ತದೆ. ನಿಯೋಬಿಯಂ ಕಾದು ಆರಿದ ಮೇಲೂ ಬಗ್ಗುತ್ತದೆ. ಈ ಮಾತನ್ನು ನಾನು ಅರ್ಧ ಮಾತ್ರ ಕೇಳಿಸಿಕೊಂಡೆ.

ಮೊದಲು ಟರ್ನಿಂಗ್, ಅಂದರೆ ರಾಡನ್ನು ಲೇತ್‌ನಲ್ಲಿ ತಿರುಗಿಸಿ ಹೆರೆಯುವುದು. ಎಸ್‌ಎಸ್‌ಗೆ ಹಾಕುವ ಕಾರ್ಬೈಡ್ ಟಿಪ್ ಹಾಕಿ 1,400 ಆರ್‌ಪಿಎಂಗೆ ಬಿಟ್ಟೆವು. ಎರಡೇ ನಿಮಿಷಕ್ಕೆ ಟಿಪ್ಪಿನ ಮೂಗಿಗೆ ಲೋಹ ಮೆತ್ತಿಕೊಂಡಿತು. ಜಾಬಿನ ಮೈ ಬೆಕ್ಕು ಪರಚಿದ ಹಾಗಿತ್ತು. "ಇದು ಕಟ್ ಆಗ್ತಿಲ್ಲಪ್ಪಾ, ಅಂಟ್ಕೊಳ್ತಿದೆ" ಅಂದರು ಮೇಸ್ತ್ರಿ. ಅವರೇ ಹಳೇ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಹುಡುಕಿ, ತಾಮ್ರಕ್ಕೆ ಮಸೆಯುವ ಹಾಗೆ ಚೂಪಾಗಿ, ರೇಕ್ (ಬಾಯಿಯ ಮೇಲ್ಮೈ ಓರೆ) ಜಾಸ್ತಿ ಕೊಟ್ಟು ಮಸೆದರು. ಸ್ಪೀಡ್ 600ಕ್ಕೆ ಇಳಿಸಿದೆವು. ಆ ದಪ್ಪಕ್ಕೆ ಅದು ನಿಮಿಷಕ್ಕೆ ಸುಮಾರು 23 ಮೀಟರ್. ಕೂಲಂಟ್ ಧಾರಾಳವಾಗಿ ಬಿಟ್ಟೆವು. ಆಗ ಚಿಪ್ಸ್ ಉದ್ದುದ್ದ ಸುರುಳಿಯಾಗಿ ಬಂತು, ಫಿನಿಶ್ ಕೂಡ ಬಂತು. ಡೈ (ಥ್ರೆಡ್ ಕೊರೆಯುವ ಬಿಲ್ಲೆ) ಹಾಕಿ ಥ್ರೆಡ್ ತೆಗೆಯೋಣ ಅಂತ ಹೋದರೆ ಅರ್ಧಕ್ಕೇ ಕಚ್ಚಿಕೊಂಡಿತು. ಉಳಿದದ್ದೆಲ್ಲ ಲೇತ್ ಮೇಲೇ, ಒಂದೊಂದು ಸಲಕ್ಕೆ ಕೂದಲೆಳೆಯಷ್ಟು ತೆಗೆದು ಕತ್ತರಿಸಿದ್ದು. ಕೆಟ್ಟು ಹೋದ ಸ್ಟಡ್ ಒಂದೇ, ನನ್ನ ಪುಣ್ಯ.

ಆಮೇಲೆ ಹುಕ್. ಇಲ್ಲಿ ಎಡವಿದ್ದು ನಾನೇ, ಮೇಸ್ತ್ರಿ ಅಲ್ಲ. 2,470 ಡಿಗ್ರಿ ತಡೆಯುವ ಲೋಹಕ್ಕೆ ನಮ್ಮ ಗ್ಯಾಸ್ ಟಾರ್ಚ್ ಏನು ಮಾಡೀತು ಅಂದುಕೊಂಡೆ. ಕೆಂಪಗೆ ಕಾಯಿಸಿ ಬಗ್ಗಿಸಿದರೆ ಅಂದವಾಗಿ ಬರುತ್ತದೆ ಅಂತ ಲೆಕ್ಕ. ತಂತಿ ಮೊದಲು ಹಳದಿಯಾಯಿತು, ನೀಲಿಯಾಯಿತು, ಆಮೇಲೆ ಬೂದು. ಬಗ್ಗಿಸಿ ಆರಲು ಬಿಟ್ಟೆ. ಆರಿದ ಮೇಲೆ ನೋಡಿದರೆ ಮೈ ತುಂಬ ಬಿಳಿ ಪುಡಿ, ಸುಣ್ಣ ಉದುರಿದ ಹಾಗೆ. ಒರೆಸಿ, ಕೊಂಡಿ ಸರಿಮಾಡೋಣ ಅಂತ ವೈಸ್‌ನಲ್ಲಿ ಮೆಲ್ಲಗೆ ಒತ್ತಿದೆ. ಟಕ್ ಅಂತು. ಮುರಿದ ಜಾಗ ಒಣ ಕಡ್ಡಿ ಮುರಿದ ಹಾಗಿತ್ತು.

ಗಿರಾಕಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. ಈ ಲೋಹಕ್ಕೆ ಬಿಸಿಯ ಭಯವಿಲ್ಲ, ಗಾಳಿಯ ಭಯವಿದೆ. ತಣ್ಣಗಿರುವಾಗ ಮೇಲಿನ ತೆಳ್ಳನೆ ಆಕ್ಸೈಡ್ ಪದರವೇ ಅದನ್ನು ಕಾಪಾಡುತ್ತದೆ, ಎಷ್ಟೋ ಆ್ಯಸಿಡ್‌ಗಳಿಂದಲೂ. 400 ಡಿಗ್ರಿ ದಾಟಿತೋ, ಆ ಪದರ ಬೆಳೆದು ಬಿರಿಯುತ್ತದೆ. ಆಕ್ಸಿಜನ್ ಒಳಗೂ ನುಗ್ಗಿ ಲೋಹವನ್ನೇ ಪೆಡಸು ಮಾಡುತ್ತದೆ. ವ್ಯಾಕ್ಯೂಮ್ ಫರ್ನೇಸಿನಲ್ಲಿ ಗಾಳಿ ಇಲ್ಲ, ಅಲ್ಲಿ ಅದು ರಾಜ. ರಾಕೆಟ್ ನಾಝಲ್‌ಗೂ ಸಿಲಿಸೈಡ್ ಲೇಪ ಬಳಿಯುವುದು ಇದೇ ಕಾರಣಕ್ಕೆ.

"ತಣ್ಣಗೇ ಬಗ್ಗಿಸಿ ಸಾರ್" ಅಂದರು. 10 ಎಂಎಂ ಪಿನ್ನಿಗೆ ಸುತ್ತಿ ಕೈಯಲ್ಲೇ ಬಗ್ಗಿಸಿದೆ. ತಾಮ್ರದ ತಂತಿ ಬಗ್ಗಿದ ಹಾಗೆ ಬಗ್ಗಿತು! ಟಾರ್ಚ್ ಹಚ್ಚಲೇಬೇಕಿರಲಿಲ್ಲ.

ಎರಡು ಕಡೆ ವೆಲ್ಡಿಂಗ್ ಕೂಡ ಇತ್ತು. ಅದನ್ನು ನಾನು ಒಪ್ಪಲಿಲ್ಲ. ನಮ್ಮ ಟಿಗ್ (ವೆಲ್ಡಿಂಗ್) ಟಾರ್ಚಿನಿಂದ ಬರುವ ಆರ್ಗಾನ್ ಅನಿಲ ಮುಂದಿನ ಮೈಯನ್ನು ಮಾತ್ರ ಗಾಳಿಯಿಂದ ಕಾಪಾಡುತ್ತದೆ, ಹಿಂದಿನ ಕಾದ ಮೈಗೆ ಗಾಳಿ ತಾಗೇ ತಾಗುತ್ತದೆ. ಇಡೀ ಜಾಬನ್ನು ಆರ್ಗಾನ್ ತುಂಬಿದ ಡಬ್ಬಿಯೊಳಗೆ ಇಡಬೇಕು, ಇಲ್ಲವೇ ವ್ಯಾಕ್ಯೂಮ್‌ನಲ್ಲಿ ಎಲೆಕ್ಟ್ರಾನ್ ಬೀಮ್‌ನಿಂದ ಬೆಸೆಯಬೇಕು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನಲ್ಲಿ ನಿಯೋಬಿಯಂ ರೆಸೊನೇಟರ್‌ಗಳನ್ನು (ಕಣಗಳಿಗೆ ವೇಗ ಕೊಡುವ ಪೊಳ್ಳು ಪಾತ್ರೆಗಳು) ಬೆಸೆಯುವುದು ಎಲೆಕ್ಟ್ರಾನ್ ಬೀಮ್‌ನಿಂದಲೇ. ಅಲ್ಲಿ ಅದರ ಕೆಲಸ ಬಿಸಿಯಲ್ಲಲ್ಲ, ಕೊರೆಯುವ ಚಳಿಯಲ್ಲಿ. ಮೈನಸ್ 264 ಡಿಗ್ರಿಯ ಹತ್ತಿರ ಇದರಲ್ಲಿ ಕರೆಂಟ್ ತಡೆಯೇ ಇಲ್ಲದೆ ಹರಿಯುತ್ತದೆ. ಎಂಆರ್‌ಐ ಮೆಷಿನ್ನಿನ ಮ್ಯಾಗ್ನೆಟ್‌ನಲ್ಲಿರುವುದೂ ನಿಯೋಬಿಯಂ-ಟೈಟಾನಿಯಂ ತಂತಿ. ಗಣಿಯಿಂದ ಬರುವ ನಿಯೋಬಿಯಂನ ದೊಡ್ಡ ಪಾಲು ಮಾತ್ರ ಚಿಟಿಕೆ ಉಪ್ಪಿನ ಹಾಗೆ ಉಕ್ಕಿಗೆ ಬಿದ್ದು ಪೈಪು, ಸೇತುವೆ, ಕಾರು ಸೇರುತ್ತದೆ.

ಮಿಕ್ಕ ತಂತಿ ತುಂಡನ್ನು ಗಿರಾಕಿ ನನಗೇ ಬಿಟ್ಟರು. ಟಾರ್ಚ್ ಹಿಡಿದಾಗ ಕಂಡ ಆ ನೀಲಿ ತಲೆಯಿಂದ ಹೋಗಿರಲಿಲ್ಲ. ಗಾಜಿನ ಲೋಟದ ನೀರಿಗೆ ಅಡುಗೆ ಸೋಡ ಹಾಕಿ, 9 ವೋಲ್ಟಿನ ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿದೆ. ಪ್ಲಸ್ ತಂತಿಗೆ, ಮೈನಸ್ ಸ್ಟೀಲ್ ಚಮಚಕ್ಕೆ. ಒಂದು ಬ್ಯಾಟರಿಗೆ ಮಬ್ಬು ಕಂದು. ಮೂರಕ್ಕೆ ಗಾಢ ನೀಲಿ. ಇದು ಬಣ್ಣ ಬಳಿದದ್ದಲ್ಲ, ಅದೇ ಆಕ್ಸೈಡ್ ಪದರ. ವೋಲ್ಟೇಜ್ ಏರಿದಷ್ಟೂ ದಪ್ಪವಾಗುತ್ತದೆ, ಬೆಳಕು ಅದರಲ್ಲಿ ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ. ಮಗಳಿಗೆ ಎರಡು ಓಲೆ ಕೊಂಡಿ ಮಾಡಿಕೊಟ್ಟೆ. ಅವಳಿಗೆ ಹಸಿರು ಬೇಕಿತ್ತು. ಅದಕ್ಕೆ ವೋಲ್ಟೇಜ್ ನೂರರ ಹತ್ತಿರ ಹೋಗಬೇಕು, ಒದ್ದೆ ಕೈಯಲ್ಲಿ ಅಂಥ ಆಟ ಬೇಡ ಅಂದೆ. ನೀಲಿಯದನ್ನೇ ಹಾಕಿಕೊಂಡಿದ್ದಾಳೆ. ಒಂದರ ಮೇಲೆ ಸಣ್ಣದೊಂದು ಮಚ್ಚೆ ಇದೆ, ನನ್ನ ಬೆರಳಿನ ಗ್ರೀಸ್ ತಾಗಿದ ಜಾಗ.